ಊರಲ್ಲಿ ಕೂತು ಗಲ್ಲಾ ನೋಡುವ ಮುನ್ನ

ಹಿಂದೆ ಗಲ್ಲಾ ಬಿಟ್ಟು ಊರಿಗೆ ಹೋಗುವುದೆಂದರೆ ನಮ್ಮ ಹೊಟೇಲು ಬಂಧುಗಳಿಗೆ ದೊಡ್ಡ ಚಿಂತೆ. ಈಗ ಬಿಲ್ಲಿಂಗ್ ಸರ್ವರ್ ಬಂದ ಮೇಲೆ ದಾದರ್ ಹೊಟೇಲಿನ ವ್ಯಾಪಾರವನ್ನು ಉಡುಪಿಯ ಮನೆಯಲ್ಲಿ ಕೂತೇ ನೋಡಬಹುದು. ಆದರೆ ಶನಿವಾರ ರಾತ್ರಿ ಸಂಪರ್ಕವೇ ಸಿಗದಿದ್ದರೆ? ಟೆಕ್ನಿಶಿಯನ್‌ಗೆ ಫೋನು ಮಾಡುವ ಮೊದಲು ನಾವೇ ನೋಡಿಕೊಳ್ಳಬಹುದಾದ ಕೆಲವು ಸಂಗತಿಗಳಿವೆ.

ಮೊದಲು ಹೊಟೇಲಿನ ಒಳಗೆ ವಿಚಾರಿಸಿ. ಕೌಂಟರಿನ ಕಂಪ್ಯೂಟರಿನಲ್ಲಿ ಬಿಲ್ ಆಗುತ್ತಿದ್ದರೆ ಸರ್ವರ್ ಸರಿಯಿದೆ, ತೊಂದರೆ ಹೊರದಾರಿಯಲ್ಲಿದೆ ಎಂದರ್ಥ. ಆಗದಿದ್ದರೆ ಸರ್ವರಿನ ಐಪಿ ವಿಳಾಸ ಬದಲಾಗಿರಬಹುದು. ಕರೆಂಟು ಹೋಗಿ ಬಂದಾಗ ರೂಟರ್ ಕೆಲವೊಮ್ಮೆ ಬೇರೆ ವಿಳಾಸ ಕೊಡುತ್ತದೆ. ಸರ್ವರಿಗೆ ಕಾಯಂ ವಿಳಾಸ ಹಾಕಿಸಿದರೆ ಈ ತಾಪತ್ರಯವಿಲ್ಲ.

ಎರಡನೆಯದು ಹೊರಗಿನ ವಿಳಾಸ. ಅನೇಕ ಇಂಟರ್ನೆಟ್ ಕಂಪೆನಿಗಳು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚುತ್ತವೆ. ರೂಟರಿನ ಇಂಟರ್ನೆಟ್ ವಿಳಾಸ 100.64ರಿಂದ 100.127ರೊಳಗೆ ಇದ್ದರೆ ನಿಮ್ಮದೂ ಹಂಚಿದ ವಿಳಾಸವೇ. ಹೊರಗಿನವರು ನೇರವಾಗಿ ನಿಮ್ಮ ಸರ್ವರನ್ನು ಮುಟ್ಟಲಾರರು. ಕಂಪೆನಿಯವರಿಂದ ಸ್ಟ್ಯಾಟಿಕ್ ಐಪಿ ಕೇಳಿ ಪಡೆಯಬೇಕು.

ಮೂರನೆಯದು, ಎರಡು ಶಾಖೆ ಇದ್ದವರ ಸಮಸ್ಯೆ. ಎರಡೂ ಕಡೆ ರೂಟರ್ 192.168.1 ಎಂಬ ಸಾಲಿನಲ್ಲೇ ವಿಳಾಸ ಕೊಡುತ್ತಿದ್ದರೆ ವಿಪಿಎನ್ ಜೋಡಣೆ ಆದರೂ ಮಾಹಿತಿ ದಾರಿ ತಪ್ಪುತ್ತದೆ. ಎರಡು ಓಣಿಗೂ ಒಂದೇ ಹೆಸರಿದ್ದರೆ ಅಂಚೆಯವನು ಎಲ್ಲಿಗೆ ಹೋದಾನು? ಒಂದು ಶಾಖೆಯ ಸಾಲನ್ನು 192.168.20 ಎಂದು ಬದಲಿಸಿದರೆ ಸಾಕು.

ಇನ್ನು ಮುಖ್ಯ ಮಾತು. ಕೆಲಸ ಬೇಗ ಮುಗಿಸಲು ಕೆಲವರು ರೂಟರಿನಲ್ಲಿ 3389 ಎಂಬ ಪೋರ್ಟನ್ನು ನೇರವಾಗಿ ತೆರೆದಿಡುತ್ತಾರೆ. ಇದು ವಿಂಡೋಸ್ ರಿಮೋಟ್ ಡೆಸ್ಕ್‌ಟಾಪಿನ ಬಾಗಿಲು. ಕಳ್ಳರು ಮೊದಲು ತಟ್ಟುವ ಬಾಗಿಲುಗಳಲ್ಲಿ ಒಂದು. ಹಳೆಯ ವಿಂಡೋಸ್‌ಗಳಲ್ಲಿ ಪಾಸ್‌ವರ್ಡ್ ಇಲ್ಲದೆಯೇ ಒಳನುಗ್ಗಲು ಸಾಧ್ಯವಾಗುವ ದೋಷವಿದೆಯೆಂದು 2019ರ ಮೇ ತಿಂಗಳಲ್ಲಿ ಮೈಕ್ರೋಸಾಫ್ಟ್ ಎಚ್ಚರಿಸಿತ್ತು. ಒಳಹೊಕ್ಕವರು ಕಡತಗಳಿಗೆಲ್ಲ ಬೀಗ ಜಡಿದು ಹಣ ಕೇಳುತ್ತಾರೆ. ಜಿಎಸ್‌ಟಿ ಲೆಕ್ಕ, ಮದುವೆ ಆರ್ಡರಿನ ಮುಂಗಡ, ಪಾರ್ಟಿಗಳ ಉದ್ರಿ ಎಲ್ಲವೂ ಒಂದೇ ರಾತ್ರಿಯಲ್ಲಿ ಕೈತಪ್ಪುತ್ತದೆ.

ಆದುದರಿಂದ ಆ ಪೋರ್ಟ್ ಮುಚ್ಚಿಸಿ, ವಿಪಿಎನ್ ಮೂಲಕವೇ ಒಳಬನ್ನಿ. ಗಿರಾಕಿಗಳ ವೈಫೈಯನ್ನು ಸರ್ವರಿನ ಜಾಲದಿಂದ ಬೇರೆ ಮಾಡಿಸಿ. ಕೆಲಸ ಬಿಟ್ಟುಹೋದ ನೌಕರರ ಪಾಸ್‌ವರ್ಡನ್ನು ಅಂದೇ ರದ್ದು ಮಾಡಿ. ದಿನದ ಲೆಕ್ಕವನ್ನು ಬೇರೆ ಡ್ರೈವಿಗೆ ನಕಲು ಮಾಡಿ, ಡ್ರೈವನ್ನು ಕಳಚಿಡಿ. ಸರ್ವರಿನ ವಿಳಾಸ, ಇಂಟರ್ನೆಟ್ ಕಂಪೆನಿಯ ಫೋನು ನಂಬರು ಇವನ್ನು ಬರೆದು ಮ್ಯಾನೇಜರ ಕೈಯಲ್ಲಿಡಿ.

ರಾತ್ರಿ ಶಟರ್ ಎಳೆದು, ಬೀಗವನ್ನು ಎರಡು ಸಲ ಜಗ್ಗಿ ನೋಡುವವರು ನಾವು. ಕಣ್ಣಿಗೆ ಕಾಣದ ಈ ಬಾಗಿಲಿಗೂ ಅಷ್ಟೇ ಜಾಗ್ರತೆ ಇರಲಿ.