ಬೆಳಕು ಮೊದಲು, ಸದ್ದು ಆಮೇಲೆ



ರಾತ್ರಿ ಕಣ ಕಾಯುವಾಗಲೋ ಗದ್ದೆಗೆ ನೀರು ಕಟ್ಟುವಾಗಲೋ ಚುಕ್ಕಿ ಜಾರುವುದನ್ನು ನೀವೆಲ್ಲರೂ ನೋಡಿರುತ್ತೀರಿ. ಅಪರೂಪಕ್ಕೊಮ್ಮೆ ದೊಡ್ಡ ಬೆಂಕಿಯುಂಡೆಯೇ ಬಾಲ ಬಿಟ್ಟುಕೊಂಡು ಓಡುವುದುಂಟು. ಮರದ ನೆರಳು ನೆಲದ ಮೇಲೆ ಮೂಡುವಷ್ಟು ಬೆಳಕಾಗುತ್ತದೆ. ಇದಕ್ಕೆ ಅಗ್ನಿಗೋಳವೆಂದು ಹೆಸರು. ಊರಿಗೆ ಕೇಡೆಂದು ಹೆದರುವವರಿದ್ದಾರೆ. ಆ ಹೆದರಿಕೆಗೆ ಕಾರಣವಿಲ್ಲ. ಆದರೆ ಎಚ್ಚರಕ್ಕೆ ಕಾರಣವುಂಟು.

ಬೀಳುವುದು ಚುಕ್ಕಿಯಲ್ಲ. ಸೂರ್ಯನನ್ನು ಸುತ್ತುವ ಕಲ್ಲಿನ ತುಂಡೊಂದು ಸೆಕೆಂಡಿಗೆ 11 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ ನಮ್ಮ ಗಾಳಿಯೊಳಕ್ಕೆ ನುಗ್ಗುತ್ತದೆ. ಅದರ ಮುಂದಿನ ಗಾಳಿ ಅದುಮಿಕೊಂಡು ವಿಪರೀತ ಕಾಯುತ್ತದೆ, ಕಲ್ಲಿನ ಮೈ ಕರಗಿ ಪ್ರಜ್ವಲಿಸುತ್ತದೆ. ಪಕ್ಕದ ಹೊಲದಲ್ಲೇ ಬಿದ್ದಂತೆ ಕಂಡರೂ ಉರಿಯುವುದು ಹತ್ತಾರು ಕಿಲೋಮೀಟರ್ ಮೇಲೆ. ಮಿಂಚಿನ ನಂತರ ಗುಡುಗು ಬರುವುದಿಲ್ಲವೇ? ಇಲ್ಲಿಯೂ ಹಾಗೆಯೇ. ಸದ್ದಿಗೆ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡು ಬೇಕು. 30 ಕಿಲೋಮೀಟರಿನಿಂದ ಬರಲು ಒಂದೂವರೆ ನಿಮಿಷ.

ಈ ಒಂದೂವರೆ ನಿಮಿಷವೇ ಮುಖ್ಯ. 2013ರ ಫೆಬ್ರವರಿ 15ರ ಬೆಳಿಗ್ಗೆ ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಬಳಿ ಸುಮಾರು 20 ಮೀಟರ್ ಅಗಲದ ಬಂಡೆ ಆಕಾಶದಲ್ಲೇ ಸಿಡಿಯಿತು. ಬೆಳಕು ಕಂಡವರು ನೋಡೋಣವೆಂದು ಕಿಟಕಿಗೆ ಬಂದು ನಿಂತರು. ಆಮೇಲೆ ಗಾಳಿಯ ಹೊಡೆತ ಬಂದು ಗಾಜುಗಳು ಒಡೆದವು. ಸುಮಾರು 1,500 ಜನ ಚಿಕಿತ್ಸೆಗೆ ಹೋದರು; ಬಹುಮಂದಿಗೆ ಗಾಜಿನದೇ ಗಾಯ. ಯಾರೂ ಸಾಯಲಿಲ್ಲ. ಒಬ್ಬ ಉಪಾಧ್ಯಾಯಿನಿ ಮಾತ್ರ ತಮ್ಮ 44 ಮಕ್ಕಳನ್ನು ಮೇಜಿನ ಕೆಳಗೆ ಕೂರಿಸಿದರು. ಮಕ್ಕಳಲ್ಲಿ ಒಬ್ಬರಿಗೂ ಗಾಯವಾಗಲಿಲ್ಲ, ಆ ತಾಯಿಗೇ ಗಾಜು ತಗುಲಿತು.

ಇಂಥದು ಬಹಳ ಅಪರೂಪ, ನಿಜ. ಆದರೂ ಕಣ್ಣು ಕೋರೈಸುವ ಬೆಳಕು ಕಂಡರೆ ಕಿಟಕಿಯ ಹತ್ತಿರ ಹೋಗಬೇಡಿರಿ. ಐದು ನಿಮಿಷ ತಾಳಿರಿ. ಮಕ್ಕಳಿಗೂ ಹೇಳಿಕೊಡಿರಿ.

ಕೆಲವೊಮ್ಮೆ ಕಲ್ಲು ಉಳಿದು ನೆಲಕ್ಕೂ ಬೀಳುತ್ತದೆ. ನಮ್ಮ ನಾಡಿನಲ್ಲೇ 1865ರಲ್ಲಿ ಮದ್ದೂರಿನ ಕಡೆ, 1866ರಲ್ಲಿ ಉಡುಪಿಯ ಕಡೆ ಬಿದ್ದದ್ದುಂಟು. ಹೊಸದಾಗಿ ಬಿದ್ದ ಕಲ್ಲಿನ ಮೇಲೆ ಸುಟ್ಟಂಥ ತೆಳುವಾದ ಕಪ್ಪು ಸಿಪ್ಪೆ ಇರುತ್ತದೆ, ಗಾತ್ರಕ್ಕೆ ಮೀರಿದ ತೂಕವಿರುತ್ತದೆ. ಒಡೆದು ಹಂಚಿಕೊಳ್ಳಬೇಡಿರಿ, ತೊಳೆಯಬೇಡಿರಿ. ಎಣ್ಣೆ ಕುಂಕುಮ ಹಚ್ಚಿದರಂತೂ ಪರೀಕ್ಷೆಗೆ ಕೆಡುತ್ತದೆ. ಶುಭ್ರವಾದ ಬಟ್ಟೆಯಲ್ಲಿ ಸುತ್ತಿಟ್ಟು ಪಂಚಾಯಿತಿಗೆ ಅಥವಾ ತಹಶೀಲ್ದಾರರಿಗೆ ತಿಳಿಸಿರಿ. ಇಂಥ ಕಲ್ಲುಗಳನ್ನು ಪರೀಕ್ಷಿಸಿ ಕಾಪಾಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆ.

ಕಲ್ಲು ಸಿಗದಿದ್ದರೂ ನೀವು ಕಂಡದ್ದಕ್ಕೆ ಬೆಲೆಯಿದೆ. ಎಷ್ಟು ಗಂಟೆಗೆ, ಯಾವ ಗುಡ್ಡದ ಮೇಲೆ ಮೂಡಿ ಯಾವ ಮರದ ನೇರಕ್ಕೆ ಆರಿತು, ನೀವು ನಿಂತ ಜಾಗ ಯಾವುದು ಎಂದು ಬರೆದಿಡಿರಿ. ಎರಡು ಮೂರು ಊರಿನವರ ಲೆಕ್ಕ ಕೂಡಿದರೆ ಕಲ್ಲು ಬಿದ್ದ ಜಾಗವನ್ನು ಹುಡುಕಲು ಸುಲಭ. ಸದ್ದು ಬರುವವರೆಗೆ ಎಣಿಸಿದ ಸೆಕೆಂಡುಗಳನ್ನೂ ಅದರಲ್ಲಿ ಸೇರಿಸಿರಿ.