ವಿದ್ವತ್ಸಭೆಯಲ್ಲಿ ಸ್ತ್ರೀ-ಪುರುಷ ತಾರತಮ್ಯದ ಮಾತು

ಅಧ್ಯಾಪಕರಿಗೆ ಪಾಠ ಹೇಳುವುದು ಸುಲಭಸಾಧ್ಯವಲ್ಲ. ಅದರಲ್ಲಿಯೂ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರನ್ನು ಕೂಡಿಸಿ, 'ತಮ್ಮ ತೀರ್ಮಾನಗಳಲ್ಲಿ ಸ್ತ್ರೀ-ಪುರುಷ ತಾರತಮ್ಯವು ತಮಗರಿಯದಂತೆಯೇ ನುಸುಳುತ್ತದೆ' ಎಂದು ಹೇಳಹೊರಟರೆ ಸಭೆಯು ಮೌನವನ್ನು ತಾಳುತ್ತದೆ, ಇಲ್ಲವೇ ಕಲಹಕ್ಕಿಳಿಯುತ್ತದೆ. ನಿಷ್ಪಕ್ಷಪಾತವೇ ವಿದ್ವಾಂಸನ ಭೂಷಣವೆಂದು ನಂಬಿ ಬಾಳಿದವರಿಗೆ ಈ ಮಾತು ದೋಷಾರೋಪಣೆಯಂತೆ ಕೇಳಿಸುವುದು ಸಹಜ.

ಅಮೆರಿಕದ ವಿಸ್ಕಾನ್ಸಿನ್-ಮ್ಯಾಡಿಸನ್ ವಿಶ್ವವಿದ್ಯಾನಿಲಯದವರು ಈ ತೊಡಕನ್ನು ಬಿಡಿಸಿದ ಬಗೆ ಗಮನಾರ್ಹವಾಗಿದೆ. ತಮ್ಮ ಪ್ರಾಧ್ಯಾಪಕರಿಗಾಗಿ ನಡೆಸಿದ ಕಾರ್ಯಶಿಬಿರಗಳಲ್ಲಿ ಅವರು ಪಕ್ಷಪಾತವನ್ನು ಒಂದು ರೂಢಿಯೆಂದು ಕರೆದರು. ನಮ್ಮ ಶಾಸ್ತ್ರಕಾರರು 'ವಾಸನೆ' ಎಂದುದೂ ಬಹುಮಟ್ಟಿಗೆ ಇದನ್ನೇ. ಪಾಪಿಯೆನಿಸಿಕೊಂಡವನು ವಾದಕ್ಕೆ ನಿಲ್ಲುತ್ತಾನೆ. ರೂಢಿಯನ್ನು ತೋರಿಸಿಕೊಟ್ಟರೆ ಅದನ್ನು ಬಿಡುವ ಉಪಾಯವನ್ನು ಕೇಳುತ್ತಾನೆ.

ಆದರೂ ಆಕ್ಷೇಪಣೆ ಬಂದೇ ಬರುತ್ತದೆ. 'ನಾವು ಯೋಗ್ಯತೆಯೊಂದನ್ನೇ ನೋಡುವವರು' ಎಂಬುದು ಅವುಗಳಲ್ಲಿ ಮೊದಲನೆಯದು. ಇದನ್ನು ಹೀಗಳೆಯುವುದು ಅವಿವೇಕ. ಆಡಿದವರು ಪ್ರಾಮಾಣಿಕವಾಗಿಯೇ ಆಡಿರುತ್ತಾರೆ. ಇಂಥಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಪರೀಕ್ಷೆಯೊಂದನ್ನು ಮುಂದಿಡುವುದು ಲೇಸು. 127 ಮಂದಿ ವಿಜ್ಞಾನ ಪ್ರಾಧ್ಯಾಪಕರಿಗೆ ಪ್ರಯೋಗಾಲಯದ ವ್ಯವಸ್ಥಾಪಕ ಹುದ್ದೆಯ ಅರ್ಜಿಯೊಂದನ್ನು ಕಳುಹಿಸಲಾಯಿತು. ಅರ್ಜಿ ಒಂದೇ, ಕೆಲವರ ಪ್ರತಿಯಲ್ಲಿ ಜಾನ್ ಎಂದೂ ಉಳಿದವರ ಪ್ರತಿಯಲ್ಲಿ ಜೆನಿಫರ್ ಎಂದೂ ಹೆಸರಿತ್ತು. ಜಾನನಿಗೆ ಅವರು ಸೂಚಿಸಿದ ವಾರ್ಷಿಕ ವೇತನದ ಸರಾಸರಿ 30,238 ಡಾಲರು, ಜೆನಿಫರಳಿಗೆ 26,508. ಮಹಿಳಾ ಪ್ರಾಧ್ಯಾಪಕರೂ ಹೀಗೆಯೇ ತೂಗಿದ್ದರು. ಈ ಕೊನೆಯ ಸಂಗತಿಯನ್ನು ಮರೆಯದೆ ಹೇಳಬೇಕು. 'ಇದು ಗಂಡಸರ ಮೇಲಣ ದೂರು' ಎಂಬ ಶಂಕೆ ಅದರಿಂದ ಬಹಳಷ್ಟು ಕರಗುತ್ತದೆ.

ಸಭೆಯಲ್ಲಿರುವ ಒಬ್ಬಿಬ್ಬರು ಮಹಿಳೆಯರತ್ತ ತಿರುಗಿ 'ತಮ್ಮ ಅನುಭವವನ್ನು ಹೇಳಿ' ಎನ್ನುವುದೊಂದುಂಟು. ಇದು ಸೌಜನ್ಯದ ವೇಷ ತೊಟ್ಟ ಹಿಂಸೆ. ಶೂನ್ಯಸಂಪಾದನೆಯಲ್ಲಿ ಅಲ್ಲಮಪ್ರಭುಗಳು ಶರಣರ ಸಮ್ಮುಖದಲ್ಲಿ ಅಕ್ಕಮಹಾದೇವಿಯನ್ನು ಕಠಿಣವಾಗಿ ಪ್ರಶ್ನಿಸುತ್ತಾರೆ; ಅಕ್ಕನ ನಿಲುವು ಎಲ್ಲರಿಗೂ ಬೆಳಗುವುದು ಆ ಪ್ರಶ್ನೆಗಳಿಂದಲೇ. ಇಲ್ಲಿಯಾದರೋ ಪರೀಕ್ಷೆಗೆ ಕುಳಿತವರು ಹಿರಿಯ ಪ್ರಾಧ್ಯಾಪಕರು. ಸಾಕ್ಷಿ ನುಡಿಯುವ ಹೊರೆ ಮಾತ್ರ ಕಿರಿಯ ಸಹೋದ್ಯೋಗಿನಿಯ ಮೇಲೇಕೆ?

ಇನ್ನು, ಆಯ್ಕೆ ಸಮಿತಿಯ ಸದಸ್ಯರೊಬ್ಬರು 'ಚಿಕ್ಕ ಮಕ್ಕಳ ತಾಯಿ, ಈ ಹೊಣೆಯನ್ನು ನಿರ್ವಹಿಸಬಲ್ಲರೆ?' ಎಂದರೆನ್ನೋಣ. ಅವರನ್ನು ನಿಂದಿಸಿದರೆ ಮಾತು ಮುರಿಯುತ್ತದೆ. ಸುಮ್ಮನಿದ್ದರೆ ಅಭ್ಯರ್ಥಿಗೆ ಅನ್ಯಾಯವಾಗುತ್ತದೆ. 'ಮಕ್ಕಳಿರುವ ಪುರುಷ ಅಭ್ಯರ್ಥಿಯ ವಿಷಯದಲ್ಲಿ ನಾವು ಈ ಪ್ರಶ್ನೆಯನ್ನೆತ್ತಿದೆವೆ?' ಎಂದು ಕೇಳುವುದು ಮೇಲು. 'ನೀವು' ಎಂಬಲ್ಲಿ 'ನಾವು' ಎಂದುದರಿಂದಲೇ ಅರ್ಧ ಕಹಿ ಇಳಿಯುತ್ತದೆ. (ವ್ಯಾಕರಣದವನಿಗೆ ಉತ್ತಮಪುರುಷ ಬಹುವಚನದ ಮೇಲೆ ತುಸು ಮಮತೆ ಹೆಚ್ಚೆಂದು ವಾಚಕರು ನಕ್ಕರೂ ಚಿಂತೆಯಿಲ್ಲ.)

ವಿಸ್ಕಾನ್ಸಿನ್ನಿನವರು 92 ವಿಭಾಗಗಳನ್ನು ಆರಿಸಿ, ಅರ್ಧದಷ್ಟಕ್ಕೆ ಎರಡೂವರೆ ಗಂಟೆಗಳ ಶಿಬಿರವನ್ನು ಏರ್ಪಡಿಸಿ, ಫಲವನ್ನು 2015ರಲ್ಲಿ ಪ್ರಕಟಿಸಿದರು. ಕಾಲುಭಾಗ ಅಥವಾ ಅದಕ್ಕೂ ಹೆಚ್ಚು ಅಧ್ಯಾಪಕರು ಭಾಗವಹಿಸಿದ ವಿಭಾಗಗಳಲ್ಲಿ, ಸಮಾನತೆಗಾಗಿ ತಾವು ಕಾರ್ಯಪ್ರವೃತ್ತರಾಗಿರುವುದಾಗಿ ಹೇಳಿದವರ ಪ್ರಮಾಣವು ಮೂರು ತಿಂಗಳ ತರುವಾಯ ಏರಿತ್ತು. ಇದರ ಕಾರಣವನ್ನು ನಾನು ಹೀಗೆ ತಿಳಿಯುತ್ತೇನೆ: ಸಮಿತಿಯಲ್ಲಿ ಒಬ್ಬರು ಮೇಲೆ ಹೇಳಿದಂಥ ಪ್ರಶ್ನೆಯನ್ನೆತ್ತಿದಾಗ, ಅದೇ ಪಾಠವನ್ನು ಕೇಳಿಬಂದ ಮತ್ತೊಬ್ಬರು ಪಕ್ಕದಲ್ಲಿ ಕುಳಿತು ತಲೆದೂಗುವ ಸಂಭವ ಇಂಥ ವಿಭಾಗಗಳಲ್ಲಿಯೇ ಹೆಚ್ಚು.