ಕಛೇರಿಗೆ ಎಂಟು ಮೈಕು, ಲಿನಕ್ಸ್‌ಗೆ ಯಾವ ಸೌಂಡ್ ಕಾರ್ಡ್?

ಮೈಸೂರಿನಲ್ಲಿ ಸಂಗೀತ ಕೇಳಬೇಕೆನ್ನುವವರಿಗೆ ಕೊರತೆಯಿಲ್ಲ. ಗಣೇಶನ ಹಬ್ಬಕ್ಕೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನ ಚಪ್ಪರದಲ್ಲಿ ಸಾಲು ಕಛೇರಿ, ದಸರೆಗೆ ಅರಮನೆಯ ಮುಂದಿನ ವೇದಿಕೆ, ಉಳಿದಂತೆ ಕುವೆಂಪುನಗರದ ವೀಣೆ ಶೇಷಣ್ಣ ಭವನದಂಥ ಸಭಾಂಗಣಗಳು. ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದ ಊರು ಇದು. ಇಂಥ ಊರಿನ ಕಛೇರಿಗಳು ಮೊಬೈಲಿನಲ್ಲೋ, ಮೈಕ್ ಸೆಟ್‌ನವರ ಮಿಕ್ಸರಿನಿಂದ ಎಳೆದ ಎರಡು ಚಾನೆಲ್‌ಗಳಲ್ಲೋ ಮಾತ್ರ ಉಳಿದರೆ ಅದು ನಷ್ಟವೇ ಸರಿ. ಮಿಕ್ಸರಿನವರ ಕೆಲಸ ಸಭಾಂಗಣದಲ್ಲಿ ಕೂತವರಿಗೆ ಕೇಳಿಸುವುದು. ಚಿಕ್ಕ ಸಭಾಂಗಣದಲ್ಲಿ ಮೃದಂಗ ಮೈಕಿಲ್ಲದೆಯೇ ಕೇಳುತ್ತದೆ, ಆದ್ದರಿಂದ ಅವರು ಅದರ ಮಟ್ಟ ಇಳಿಸಿರುತ್ತಾರೆ. ಅದೇ ಮಿಶ್ರಣ ದಾಖಲೆಯಾಗಿ ಮನೆಗೆ ಬಂದಾಗ ಮೃದಂಗ ಎಲ್ಲೋ ಪಕ್ಕದ ಬೀದಿಯಲ್ಲಿ ನುಡಿದಂತಿರುತ್ತದೆ, ಮತ್ತೆ ಸರಿಪಡಿಸಲು ದಾರಿಯೇ ಇರುವುದಿಲ್ಲ. ಒಂದೊಂದು ಮೈಕನ್ನೂ ಬೇರೆಬೇರೆಯಾಗಿ ದಾಖಲಿಸಿದರೆ ಹದ ಮಾಡುವ ಕೆಲಸವನ್ನು ನಾಳೆಗೂ, ಹತ್ತು ವರ್ಷದಾಚೆಗೂ ಇಟ್ಟುಕೊಳ್ಳಬಹುದು.

ಅದಕ್ಕೆ ಎಷ್ಟು ಚಾನೆಲ್ ಬೇಕು? ಗಾಯಕರಿಗೊಂದು, ಪಿಟೀಲಿಗೊಂದು, ಮೃದಂಗದ ಬಲ ಎಡಗಳಿಗೆ ಎರಡು, ಘಟಕ್ಕೊಂದು, ತಂಬೂರಕ್ಕೊಂದು. ಸಭಾಂಗಣದ ಗಾಳಿ, ಚಪ್ಪಾಳೆ, ರಸಿಕರ ‘ಭಲೆ’ಗಳಿಗೆ ಒಂದು ಜೋಡಿ. ಒಟ್ಟು ಎಂಟು. ಎರಡೇ ಒಳ್ಳೆಯ ಮೈಕು ಸರಿಯಾದ ಜಾಗದಲ್ಲಿಟ್ಟರೆ ಸಾಲದೇ ಎಂದು ಕೇಳುವವರಿದ್ದಾರೆ. ಧ್ವನಿವರ್ಧಕವಿಲ್ಲದ ಮನೆಯಂಗಳದ ಕಛೇರಿಯಲ್ಲಿ ಖಂಡಿತ ಸಾಕು, ಅಲ್ಲಿ ಅದೇ ಮೇಲು. ವೇದಿಕೆಯ ಎರಡೂ ಬದಿ ಸ್ಪೀಕರ್ ಗರ್ಜಿಸುವಲ್ಲಿ ಮಾತ್ರ ಆ ಎರಡು ಮೈಕಿಗೆ ಸಿಗುವುದು ಸ್ಪೀಕರಿನ ಸದ್ದೇ ಹೊರತು ವಾದ್ಯದ್ದಲ್ಲ.

ಕೊಳ್ಳುವವರು ಮೊದಲು ಎಡವುವುದು ‘ಮಲ್ಟಿಚಾನೆಲ್’ ಎಂಬ ಪೆಟ್ಟಿಗೆ ಮೇಲಿನ ಬರಹದಲ್ಲಿ. ಕಂಪ್ಯೂಟರ್ ಅಂಗಡಿಯಲ್ಲಿ 7.1 ಎಂದು ಮಾರುವ ಕಾರ್ಡಿನಲ್ಲಿ ಎಂಟು ಚಾನೆಲ್ ಇರುವುದು ಹೊರಹೋಗುವ ಬದಿಯಲ್ಲಿ, ಸಿನಿಮಾ ನೋಡಲು. ಒಳಬರುವ ಬದಿಯಲ್ಲಿ ಸಾಮಾನ್ಯವಾಗಿ ಎರಡೇ. ನಾಟಕದವರಿಗೆ ಇದರಿಂದ ಉಪಯೋಗವುಂಟು. ರಂಗಾಯಣದ ವನರಂಗದಂಥ ಬಯಲಿನಲ್ಲಿ ಮಳೆಯ ಸದ್ದನ್ನು ಹಿಂದಿನಿಂದಲೂ ಗುಡುಗನ್ನು ಪಕ್ಕದಿಂದಲೂ ಹೊರಡಿಸಬೇಕೆಂದರೆ ಅಗ್ಗದ 7.1 ಕಾರ್ಡೇ ಸಾಕಾಗಬಹುದು. ಕಛೇರಿ ದಾಖಲಿಸುವವರಿಗೆ ಬೇಕಾದದ್ದು ಎಂಟು ಒಳದಾರಿ, ಅದೂ ಪ್ರತಿಯೊಂದಕ್ಕೂ ಮೈಕ್ ಪ್ರೀಆಂಪ್ ಮತ್ತು ಕಂಡೆನ್ಸರ್ ಮೈಕುಗಳಿಗೆ 48 ವೋಲ್ಟ್ ಫ್ಯಾಂಟಮ್ ವಿದ್ಯುತ್ ಇರುವಂಥದ್ದು.

ಇಷ್ಟೆಲ್ಲ ಇರುವ ಕಾರ್ಡುಗಳಲ್ಲಿ ಲಿನಕ್ಸ್‌ಗೆ ಯಾವುದನ್ನು ಆರಿಸಬೇಕೆಂಬುದಕ್ಕೆ ನನ್ನ ಉತ್ತರ ಒಂದೇ: ತಯಾರಕರ ಡ್ರೈವರ್ ಇಲ್ಲದೆ, ಎಲ್ಲರಿಗೂ ತೆರೆದ ಯುಎಸ್‌ಬಿ ಆಡಿಯೋ ಮಾನದಂಡದಲ್ಲೇ ಕೆಲಸ ಮಾಡುವಂಥದ್ದನ್ನು. ಈ ಮಾನದಂಡದ ಮೊದಲ ಆವೃತ್ತಿ 1998ರದು. ಅದು ನೆಚ್ಚಿದ್ದ ಹಳೆಯ ಯುಎಸ್‌ಬಿ ವೇಗದಲ್ಲಿ ಒಂದು ಮಿಲಿಸೆಕೆಂಡಿಗೆ ಹೆಚ್ಚೆಂದರೆ 1,023 ಬೈಟ್ ಧ್ವನಿ ಹೋಗಬಲ್ಲದು. ಎಂಟು ಚಾನೆಲ್, ಒಂದೊಂದು ಮಾದರಿಗೆ 24 ಬಿಟ್ ಅಂದರೆ ಮೂರು ಬೈಟ್, ಮಿಲಿಸೆಕೆಂಡಿಗೆ 48 ಮಾದರಿ ಎಂದು ಗುಣಿಸಿದರೆ 1,152 ಬೈಟ್ ಆಗುತ್ತದೆ. ಅಲ್ಲಿ ಹಿಡಿಸದು. 2006ರಲ್ಲಿ ಬಂದ ಎರಡನೇ ಆವೃತ್ತಿ ಯುಎಸ್‌ಬಿ 2.0 ವೇಗವನ್ನು ಬಳಸಿ ಈ ಕಟ್ಟು ಬಿಚ್ಚಿತು. ಲಿನಕ್ಸ್‌ಗೆ ಅದರ ಬೆಂಬಲ 2010ರಲ್ಲೇ ಬಂತು, ವಿಂಡೋಸ್ ತನ್ನೊಳಗೇ ಅದನ್ನು ಸೇರಿಸಿಕೊಂಡದ್ದು 2017ರಲ್ಲಿ. ಆ ನಡುವಿನ ವರ್ಷಗಳಲ್ಲಿ ವಿಂಡೋಸ್ ಬಳಕೆದಾರರು ಪ್ರತಿ ಕಾರ್ಡಿಗೂ ಕಂಪನಿಯ ಡ್ರೈವರ್ ಹುಡುಕಿದರು, ಲಿನಕ್ಸ್‌ನವರಿಗೆ ಚುಚ್ಚಿದರೆ ಸಾಕಾಗಿತ್ತು. ಕಾರ್ಡು ಈ ಮಾನದಂಡದ್ದೇ ಎಂದು ಅಂಗಡಿಯಲ್ಲಿ ಪತ್ತೆ ಮಾಡಲು ಸುಲಭದ ಗುರುತೊಂದಿದೆ. ಡ್ರೈವರ್ ಹಾಕದೆ ಐಪ್ಯಾಡ್‌ನಲ್ಲಿ ನಡೆಯುತ್ತದೆ ಎಂದು ತಯಾರಕರೇ ಹೇಳಿದ್ದರೆ ಅದು ಮಾನದಂಡ ಪಾಲಿಸುತ್ತದೆ ಎಂದೇ ಬಹುಮಟ್ಟಿಗೆ ನಂಬಬಹುದು. ಬೆಹ್ರಿಂಗರ್‌ನ ಯುಎಂಸಿ1820 ಈ ಬಗೆಯದು, ಎಂಟು ಪ್ರೀಆಂಪ್ ಉಳ್ಳದ್ದು.

ಮಾನದಂಡಕ್ಕೆ ಇಷ್ಟು ತೂಕ ಏಕೆ ಎಂದರೆ ಫೈರ್‌ವೈರ್‌ನ ಗತಿ ನೋಡಬೇಕು. ಒಂದು ಕಾಲಕ್ಕೆ ಸ್ಟುಡಿಯೋಗಳೆಲ್ಲ ನೆಚ್ಚಿದ್ದ ಸಂಪರ್ಕ ಅದು. ತಯಾರಕರು ಹಳೆಯ ಮಾದರಿಗಳ ಡ್ರೈವರ್ ನಿಲ್ಲಿಸಿದರು, 2025ರ ಮ್ಯಾಕ್ ಆವೃತ್ತಿಯಲ್ಲಿ ಆಪಲ್ ಫೈರ್‌ವೈರ್ ಅನ್ನೇ ಕೈಬಿಟ್ಟಿತು. ಕಬ್ಬಿಣ ಗಟ್ಟಿಯಿದ್ದ, ಪ್ರೀಆಂಪ್ ಸೊಗಸಾಗಿದ್ದ ಕಾರ್ಡುಗಳು ಹೊಸ ಕಂಪ್ಯೂಟರಿನ ಮುಂದೆ ಮೂಕವಾದವು. ಲಿನಕ್ಸ್‌ನಲ್ಲಿ ಅವುಗಳಲ್ಲಿ ಎಷ್ಟೋ ಇಂದಿಗೂ ನಡೆಯುತ್ತವೆ, ಫೈರ್‌ವೈರ್ ಭಾಗವನ್ನು 2029ರವರೆಗೆ ನೋಡಿಕೊಳ್ಳುವುದಾಗಿ ಅದರ ನಿರ್ವಾಹಕರು ಹೇಳಿದ್ದಾರೆ. ಒಂದು ಸಭಾದ ದಾಖಲೆಗಾರರು ಕಾರ್ಡನ್ನು ವರ್ಷಕ್ಕೊಮ್ಮೆ ಬದಲಿಸಲಾರರು. ಹದಿನೈದು ವರ್ಷ ಬಾಳಬೇಕಾದ ಸಾಮಾನಿಗೆ ಕಂಪನಿಯ ಮರ್ಜಿ ಆಧಾರವಾಗಬಾರದು.

ಇದಕ್ಕೆ ಒಂದು ನ್ಯಾಯವಾದ ಆಕ್ಷೇಪವಿದೆ. ಮಾನದಂಡ ಧ್ವನಿಯನ್ನು ಸಾಗಿಸುತ್ತದೆ, ಆದರೆ ಕಾರ್ಡಿನೊಳಗಿನ ಮಿಕ್ಸರು, ರೂಟಿಂಗ್, ಕೆಲವೊಮ್ಮೆ ಫ್ಯಾಂಟಮ್ ಗುಂಡಿಯೂ ಕಂಪನಿಯ ತಂತ್ರಾಂಶದಲ್ಲೇ ಇರುತ್ತವೆ, ಅದು ಲಿನಕ್ಸ್‌ಗೆ ಇರುವುದಿಲ್ಲ. ನಿಜ. ಫೋಕಸ್‌ರೈಟ್ ಸ್ಕಾರ್ಲೆಟ್ ಸರಣಿಯ ದೊಡ್ಡ ಕಾರ್ಡುಗಳಲ್ಲಿ ಈ ತೊಡಕು ವರ್ಷಗಟ್ಟಲೆ ಇತ್ತು. ಜೆಫ್ರಿ ಬೆನೆಟ್ ಎಂಬ ಡೆವಲಪರ್ ಅದಕ್ಕೆ ಡ್ರೈವರ್ ಬರೆದು 2019ರಿಂದ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಸೇರಿಸುತ್ತ ಬಂದ ಮೇಲೆ, ಅವರದೇ ನಿಯಂತ್ರಣ ಫಲಕವೂ ದೊರೆತ ಮೇಲೆ ಸ್ಕಾರ್ಲೆಟ್ 18ಐ20 ಲಿನಕ್ಸ್‌ನಲ್ಲಿ ಚೆನ್ನಾಗಿ ಪಳಗಿದೆ. ಅಂಥ ಬೆಂಬಲವಿಲ್ಲದ ಕಾರ್ಡಾದರೆ ಗೇನ್, ಫ್ಯಾಂಟಮ್, ಹೆಡ್‌ಫೋನ್ ಮೂರಕ್ಕೂ ಕೈಯಿಂದ ತಿರುಗಿಸುವ ಗುಂಡಿ ಮುಂಭಾಗದಲ್ಲೇ ಇದೆಯೇ ನೋಡಿ ಕೊಳ್ಳಬೇಕು. ಕತ್ತಲ ಸಭಾಂಗಣದಲ್ಲಿ ಪರದೆಯ ಮೇಲಿನ ಗುಂಡಿಗಿಂತ ಅದೇ ಭರವಸೆಯದು ಕೂಡ.

ಇನ್ನೊಂದು ಸಲಹೆ ಪದೇಪದೇ ಕೇಳಿಬರುತ್ತದೆ: ಎರಡು ಚಾನೆಲ್‌ನ ಅಗ್ಗದ ಕಾರ್ಡು ನಾಲ್ಕು ಕೊಂಡು ಜೋಡಿಸಿದರಾಯಿತಲ್ಲ? ಲಿನಕ್ಸ್ ಹಾಗೆ ಜೋಡಿಸಲು ಬಿಡುತ್ತದೆ. ತೊಂದರೆ ಇರುವುದು ಗಡಿಯಾರದಲ್ಲಿ. ಪ್ರತಿ ಕಾರ್ಡಿಗೂ ತನ್ನದೇ ಸ್ಫಟಿಕವಿದೆ, ಒಂದರ 48,000 ಇನ್ನೊಂದರ 48,000ಕ್ಕೆ ಸಮನಲ್ಲ. ಹತ್ತು ಲಕ್ಷಕ್ಕೆ ಇಪ್ಪತ್ತರಷ್ಟು ಅಂತರ ಸರ್ವೇಸಾಮಾನ್ಯ. ಮೂರು ಗಂಟೆಯ ಕಛೇರಿಗೆ 10,800 ಸೆಕೆಂಡು, ಆ ಅಂತರ ಕೊನೆಗೆ 0.216 ಸೆಕೆಂಡಿಗೆ ಬೆಳೆಯುತ್ತದೆ. ಸೆಕೆಂಡಿಗೊಂದು ಎಣಿಕೆಯಿರುವ ಚತುರಶ್ರ ನಡೆಯಲ್ಲಿ ಒಂದು ಮಾತ್ರೆಯೇ ಕಾಲು ಸೆಕೆಂಡು. ಮೃದಂಗ ಒಂದು ಕಾರ್ಡಿಗೆ, ಘಟ ಇನ್ನೊಂದಕ್ಕೆ ಸೇರಿದ್ದರೆ ಕಛೇರಿ ಮುಗಿಯುವ ಹೊತ್ತಿಗೆ ಇಬ್ಬರೂ ಸುಮಾರು ಒಂದು ಮಾತ್ರೆ ಅಗಲಿರುತ್ತಾರೆ. ಈ ಅಂತರವನ್ನು ಲೆಕ್ಕ ಹಾಕಿ ತಿದ್ದುವ ತಂತ್ರಾಂಶಗಳಿವೆ. ಆದರೆ ತಾಳವೇ ಜೀವವಾದ ಸಂಗೀತಕ್ಕೆ ತಿದ್ದುಪಡಿಯನ್ನು ನೆಚ್ಚುವುದಕ್ಕಿಂತ ಒಂದೇ ಗಡಿಯಾರದ ಒಂದೇ ಕಾರ್ಡು ಲೇಸು.

ಮಾರುವವರು ಹೊಗಳುವ 192 ಕಿಲೋಹರ್ಟ್ಸ್‌ಗೆ ಹೆಚ್ಚು ಹಣ ತೆರಬೇಕಿಲ್ಲ. 48 ಕಿಲೋಹರ್ಟ್ಸ್‌ನಲ್ಲಿ 24 ಕಿಲೋಹರ್ಟ್ಸ್‌ವರೆಗಿನ ನಾದ ಹಿಡಿಯುತ್ತದೆ, ಮನುಷ್ಯನ ಕಿವಿಗೆ ಸುಮಾರು 20ರಾಚೆ ಕೇಳದು. ವೇಗ ಹೆಚ್ಚಿಸಿದಂತೆ ಎಷ್ಟೋ ಕಾರ್ಡುಗಳಲ್ಲಿ ಚಾನೆಲ್ ಸಂಖ್ಯೆಯೇ ಇಳಿಯುತ್ತದೆ. ಅದೇ ಹಣವನ್ನು ಸದ್ದು ಕಡಿಮೆಯಿರುವ ಪ್ರೀಆಂಪ್‌ಗೆ ಹಾಕುವುದು ಮೈಸೂರಿಗೆ ತಕ್ಕದ್ದು. ವೀಣೆ ಶೇಷಣ್ಣನವರಿಂದ ದೊರೆಸ್ವಾಮಿ ಅಯ್ಯಂಗಾರರವರೆಗೆ ಬೆಳೆದ ಇಲ್ಲಿನ ವೀಣೆಯ ಸೊಗಸು ಮೀಟು ಮುಗಿದ ಮೇಲೂ ತಂತಿಯಲ್ಲಿ ಉಳಿಯುವ ನಾದದಲ್ಲಿದೆ. ಗೇನ್ ಏರಿಸಿದೊಡನೆ ಹಿಸ್ ಎನ್ನುವ ಪ್ರೀಆಂಪ್ ಮೊದಲು ನುಂಗುವುದು ಅದನ್ನೇ.

ಕಾರ್ಡು ಸರಿಯಾದರೆ ಹೊಂದಿಸುವ ಕೆಲಸ ಚಿಕ್ಕದು. ಲಿನಕ್ಸ್‌ನಲ್ಲಿ ಧ್ವನಿಯೆಂದರೆ ತಲೆನೋವು ಎಂಬ ಮಾತು ಪಲ್ಸ್ಆಡಿಯೋ ಮತ್ತು ಜ್ಯಾಕ್ ಎಂಬ ಎರಡು ಧ್ವನಿ ವ್ಯವಸ್ಥೆಗಳು ಒಂದೇ ಕಾರ್ಡಿಗೆ ಕಿತ್ತಾಡುತ್ತಿದ್ದ ಕಾಲದ್ದು. ವಿಮ್ ಟೈಮನ್ಸ್ ರೂಪಿಸಿದ ಪೈಪ್‌ವೈರ್ ಎರಡರ ಕೆಲಸವನ್ನೂ ವಹಿಸಿಕೊಂಡಿದೆ. ಫೆಡೋರಾದಲ್ಲಿ 2021ರಿಂದ, ಉಬುಂಟುವಿನಲ್ಲಿ 22.10ರಿಂದ ಅದು ತಾನಾಗಿಯೇ ಇರುತ್ತದೆ. ಕಾರ್ಡನ್ನು ಹಬ್ ಮೂಲಕವಲ್ಲದೆ ನೇರ ಲ್ಯಾಪ್‌ಟಾಪ್‌ಗೆ ಚುಚ್ಚಿ, ಪಾವುಕಂಟ್ರೋಲ್ ಎಂಬ ಧ್ವನಿ ನಿಯಂತ್ರಣ ತಂತ್ರಾಂಶ ತೆರೆದು, ಕಾನ್ಫಿಗರೇಶನ್ ಪುಟದಲ್ಲಿ ‘ಪ್ರೋ ಆಡಿಯೋ’ ಆರಿಸಬೇಕು. ಇದನ್ನು ಮರೆತರೆ ಪೈಪ್‌ವೈರ್ ಎಂಟು ಮೈಕುಗಳನ್ನು ಸಿನಿಮಾ ಸರೌಂಡ್ ಎಂದೆಣಿಸಿ ಎಡ ಬಲ ಹಿಂದೆ ಮುಂದೆ ಎಂದು ಹೆಸರಿಟ್ಟುಬಿಡುವ ಸಂಭವವಿದೆ. ಬಫರ್ 1,024 ಮಾದರಿ ಇರಲಿ, ಅಂದರೆ 21 ಮಿಲಿಸೆಕೆಂಡು. ಕಡಿಮೆ ವಿಳಂಬಕ್ಕಾಗಿ 64ಕ್ಕೆ ಇಳಿಸುವ ಚಟ ಇಲ್ಲಿ ಬೇಡ. ನಾವು ದಾಖಲಿಸುವವರು, ವೇದಿಕೆಯ ಕಲಾವಿದರಿಗೆ ನಮ್ಮ ಕಂಪ್ಯೂಟರಿನಿಂದ ಏನೂ ಕೇಳಬೇಕಿಲ್ಲ. ರಿಯಲ್‌ಟೈಮ್ ಕರ್ನೆಲ್‌ನ ಹಂಗೂ ಇದಕ್ಕಿಲ್ಲ.

ಕೊನೆಯದು ಕಡತದ ಲೆಕ್ಕ. ಎಂಟು ಚಾನೆಲ್ 24 ಬಿಟ್‌ನಲ್ಲಿ ಸೆಕೆಂಡಿಗೆ 1.152 ಮೆಗಾಬೈಟ್, ಮೂರು ಗಂಟೆಗೆ ಸುಮಾರು 12.4 ಗಿಗಾಬೈಟ್. ಡಿಸ್ಕಿಗೆ ಇದು ಭಾರವಲ್ಲ, ಆದರೆ ಸಾಧಾರಣ ವೇವ್ ಕಡತದ ಮಿತಿ 4 ಗಿಗಾಬೈಟ್. ಎಂಟನ್ನೂ ಒಂದೇ ಕಡತಕ್ಕೆ ಬರೆದರೆ ಸುಮಾರು 62ನೇ ನಿಮಿಷಕ್ಕೆ ಅದು ತುಂಬುತ್ತದೆ, ಅಂದರೆ ಪ್ರಧಾನ ಕೃತಿಯ ನಡುವೆ. ಆರ್ಡರ್ (Ardour) ಎಂಬ ದಾಖಲಾತಿ ತಂತ್ರಾಂಶದಲ್ಲಿ 24 ಬಿಟ್ ಆರಿಸಿ ಎಂಟು ಮೋನೋ ಟ್ರ್ಯಾಕ್ ಮಾಡಿಟ್ಟರೆ ಒಂದೊಂದೂ ಮೂರು ಗಂಟೆಗೆ ಒಂದೂವರೆ ಗಿಗಾಬೈಟಿನ ಆಸುಪಾಸಿನಲ್ಲೇ ನಿಲ್ಲುತ್ತದೆ. ಇನ್ನು ಮೈಕ್ ಸೆಟ್‌ನವರ ಮೈಕುಗಳನ್ನೇ ಹಂಚಿಕೊಳ್ಳುವುದಾದರೆ ಟ್ರಾನ್ಸ್‌ಫಾರ್ಮರ್ ಇರುವ ಸ್ಪ್ಲಿಟರ್ ತರಬೇಕು, ಫ್ಯಾಂಟಮ್ ವಿದ್ಯುತ್ ಯಾರ ಕಡೆಯಿಂದ ಎಂಬುದನ್ನು ಶ್ರುತಿ ಹಿಡಿಯುವ ಮೊದಲೇ ಅವರೊಂದಿಗೆ ಮಾತಾಡಿ ನಿಶ್ಚಯಿಸಿಕೊಳ್ಳಬೇಕು.